ಪಕ್ಕದ ಮನೆಯ ನಿದ್ದೆ

ನಮ್ಮೂರಿನಲ್ಲಿ ಪೊಲೀಸರ ಪಕ್ಕದ ಮನೆಗೆ ಬಾಡಿಗೆ ಹೆಚ್ಚು. ಬೇರೆ ಊರಿನವರು ಕೇಳಿದರೆ, ಕಳ್ಳರ ಭಯ ಇರುವುದಿಲ್ಲ, ಅದಕ್ಕೇ ಇರಬೇಕು ಅಂದುಕೊಳ್ಳುತ್ತಾರೆ. ಕಳ್ಳರೇನೋ ಇಲ್ಲಿಗೂ ಬರುತ್ತಾರೆ. ಬಾಡಿಗೆ ಹೆಚ್ಚಿರುವುದು ನಿದ್ದೆಯ ದೆಸೆಯಿಂದ. ಪೊಲೀಸಿನವನು ರಾತ್ರಿ ಎಷ್ಟು ಹೊತ್ತು ಕಣ್ಣು ಬಿಟ್ಟುಕೊಂಡು ಹೊರಳಾಡಿದನೋ ಅಷ್ಟು ನಿದ್ದೆ ಮರುದಿನ ಹಗಲಿನಲ್ಲಿ ಪಕ್ಕದ ಮನೆಯವರ ಮೇಲೆ ಬೀಳುತ್ತದೆ. ಎಲ್ಲಿದ್ದರೂ ಬೀಳುತ್ತದೆ, ಸಂತೆಯಲ್ಲಿ ಟೊಮೆಟೊ ಆರಿಸುತ್ತಿದ್ದರೂ ಸರಿ, ಮದುವೆಮನೆಯಲ್ಲಿ ಅಕ್ಷತೆ ಹಿಡಿದು ನಿಂತಿದ್ದರೂ ಸರಿ. ನಿದ್ದೆ ಬಾರದ ಮುದುಕರು ಮುಂಗಡ ಕೊಟ್ಟು ಪೊಲೀಸ್ ಲೈನಿನ ಆಚೀಚೆ ಮನೆ ಹಿಡಿಯುತ್ತಾರೆ. ಎಸ್ಸೈ ಸಾಹೇಬರ ಗೋಡೆಗೆ ಅಂಟಿದ ಮನೆಯಲ್ಲಿರುವ ಅನಸೂಯಮ್ಮನವರಂತೂ, "ಮಾತ್ರೆಗೆ ಕೊಡೋದನ್ನ ಬಾಡಿಗೆಗೆ ಕೊಡ್ತೀನಿ, ತಪ್ಪೇನು?" ಎಂದು ಕಂಡವರಿಗೆಲ್ಲ ಹೇಳುತ್ತಾರೆ. ಬಸ್ಸಿನ ಡ್ರೈವರಿಗೂ ಕರೆಂಟಿನ ಲೈನ್‌ಮನ್ನಿಗೂ ಮಾತ್ರ ಆ ಮನೆಗಳನ್ನು ಕೊಡುವುದಿಲ್ಲ. ಕ್ಷೌರದ ಮುನಿಸ್ವಾಮಿ ಅಪ್ಪನ ಕಾಲದ ಮನೆ ಎಂದು ಅಲ್ಲೇ ಉಳಿದಿದ್ದಾನೆ. ಕತ್ತಿ ಹಿಡಿಯುವ ಕೈಗೆ ಒಂದು ಕುರಿಗಂಟೆ ಕಟ್ಟಿಕೊಂಡಿರುತ್ತಾನೆ. ಗಂಟೆಯ ಸದ್ದು ನಿಂತಿತೋ, ಗಿರಾಕಿ ತಾನೇ ಕತ್ತಿಯನ್ನು ಮೆಲ್ಲಗೆ ಬಿಡಿಸಿ ಪಕ್ಕಕ್ಕಿಟ್ಟು, ಅರ್ಧ ಗಡ್ಡದಲ್ಲೇ ಮನೆಗೆ ಹೋಗಿ ಊಟ ಮುಗಿಸಿಕೊಂಡು ಬರುತ್ತಾನೆ.

ಹಾಗೆ ಮಲಗಿದವರನ್ನು ಯಾರೂ ಎಬ್ಬಿಸುವುದಿಲ್ಲ. ಎಬ್ಬಿಸಿದರೆ ಉಳಿದ ನಿದ್ದೆ ಹತ್ತಿರ ಇದ್ದ ಇನ್ನೊಬ್ಬರಿಗೆ ಅಂಟುತ್ತದೆ. ಪೊಲೀಸಿನವರನ್ನು ಬಿಟ್ಟು ಯಾರಿಗೆ ಬೇಕಾದರೂ ಅಂಟುತ್ತದೆ. ಮತ್ತೊಂದು ಸಂಗತಿ: ನಿದ್ದೆ ಮಾತ್ರ ನಮಗೆ ಬರುತ್ತದೆ, ಅದರೊಳಗಿನ ಕನಸು ಬರುವುದಿಲ್ಲ. ಅದು ಅವರಲ್ಲೇ ಉಳಿಯುತ್ತದೆ. ಅದನ್ನು ಅವರು ಕಣ್ಣು ಬಿಟ್ಟುಕೊಂಡೇ ನೋಡುತ್ತಾರೆ ಎಂದು ಲೈನಿನ ಹೆಂಗಸರು ಹೇಳುತ್ತಾರೆ.

ನಾನು ತಾಲ್ಲೂಕು ಕಚೇರಿಯ ಎದುರು ಹೊಂಗೆ ಮರದ ಕೆಳಗೆ ಕೂತು ಅರ್ಜಿ ಬರೆಯುವವನು. ಓದಿದ್ದು ಏಳನೇ ಕ್ಲಾಸು. ಉಳಿದದ್ದನ್ನೆಲ್ಲ ಅರ್ಜಿ ಬರೆಸಲು ಬಂದ ಜನವೇ ಕಲಿಸಿದರು. ಊರವರು ಅರ್ಜಿ ಮೇಷ್ಟ್ರು ಎನ್ನುತ್ತಾರೆ. ನನ್ನ ಪಕ್ಕದ ಮನೆ ಹೆಡ್ ಕಾನ್‌ಸ್ಟೇಬಲ್ ಹಾಲೇಶಪ್ಪನದು. ಒಂದೇ ಬೆಂಚಿನಲ್ಲಿ ಕೂತು ಏಳನೇ ಕ್ಲಾಸು ಮುಗಿಸಿದವರು ನಾವು. ಅವನು ಮುಂದೆ ಓದಿದ, ಪೊಲೀಸ್ ಆದ. ಅವನ ದನಿ ಮೊದಲಿನಿಂದಲೂ ಮೆತ್ತಗೆ. ಆ ದನಿಯೇ ಅವನಿಗೆ ಮುಳುವಾಯಿತು. ಯಾರಾದರೂ ದಾರಿಯಲ್ಲೋ ಕೆರೆಯಲ್ಲೋ ಆಸ್ಪತ್ರೆಯಲ್ಲೋ ತೀರಿಕೊಂಡರೆ ಮನೆಯವರಿಗೆ ಸುದ್ದಿ ಮುಟ್ಟಿಸಲು, "ಹಾಲೇಶಪ್ಪನ್ನ ಕಳಿಸ್ರಿ, ಅವನು ಚೆನ್ನಾಗಿ ಹೇಳ್ತಾನೆ" ಎಂದು ಇಪ್ಪತ್ತೆರಡು ವರ್ಷ ಅವನನ್ನೇ ಕಳಿಸಿದರು. ಅವನ ಬೈಸಿಕಲ್ಲು ಒಂದು ಬೀದಿಗೆ ತಿರುಗಿದರೆ ಆ ಬೀದಿಯ ಬಾಗಿಲುಗಳು ಒಂದೊಂದಾಗಿ ಮುಚ್ಚಿಕೊಳ್ಳುತ್ತಿದ್ದವು. ಸೊಪ್ಪು ತರಲು ಹೋದರೂ ಅಷ್ಟೇ.

ಅವನ ನಿದ್ದೆ ಹಿಂದೆ ನನಗೆ ದಿನಕ್ಕೆ ಅರ್ಧ ಗಂಟೆಯೋ ಒಂದು ಗಂಟೆಯೋ ಬರುತ್ತಿತ್ತು. ಹನ್ನೊಂದರ ಸುಮಾರಿಗೆ "ಮಾನ್ಯರೇ" ಎಂದು ಬರೆದು ಮುಂದಿನ ಸಾಲಿಗೆ ಹೋಗುವುದರೊಳಗೆ ತಲೆ ಹಲಗೆಗೆ ತಾಗುತ್ತಿತ್ತು. ಅರ್ಜಿಯವರು ತಾವೇ ಕಡಲೆಕಾಯಿ ತಿಂದುಕೊಂಡು ಕಾಯುತ್ತಿದ್ದರು. ಆದರೆ ಕಳೆದ ವರ್ಷ ದೀಪಾವಳಿ ಕಳೆದ ಮೇಲೆ ಅದು ನಾಲ್ಕು ಗಂಟೆಯಾಯಿತು, ಆಮೇಲೆ ಆರಾಯಿತು. ನಿಜ ಹೇಳುತ್ತೇನೆ, ನನಗೆ ಅದರಿಂದ ಒಳ್ಳೆಯದೇ ಆಯಿತು. ಬಿ.ಪಿ. ಇಳಿಯಿತು. ಕೆನ್ನೆ ತುಂಬಿಕೊಂಡವು. ನಮ್ಮ ಮನೆಯಾಕೆ ಅನ್ನ ಬಡಿಸುತ್ತಾ ಒಂದು ದಿನ, "ಹಾಲೇಶಣ್ಣನ ಕಣ್ಣು ಗುಳಿ ಬಿದ್ದಿವೆ, ನಿಮ್ಮ ಮುಖ ನೋಡಿದ್ರೆ ಮದುವೆಗಂಡು. ಪಕ್ಕದ ಮನೆಯೋರ ಪಾಲು ಉಂಡು ತೇಗೋರಿಗೆ ನಾಚಿಕೆ ಇರಬೇಕು" ಅಂದಳು. ನಾನೇನು ಕೇಳಿ ತರಿಸಿಕೊಂಡೆನೇ, ಎಂದು ರೇಗಿದೆ. ರೇಗಿದ್ದು ಅವಳ ಮಾತು ನಿಜವಾಗಿದ್ದರಿಂದ.

ಸರ್ಕಾರದ ಸುತ್ತೋಲೆ ಬಂದದ್ದು ಆ ದಿನಗಳಲ್ಲೇ. ಪೊಲೀಸ್ ಸಿಬ್ಬಂದಿಯ ಮಾನಸಿಕ ಆರೋಗ್ಯ ಮತ್ತು ಯೋಗಕ್ಷೇಮಕ್ಕೆ ಅನುದಾನ ಇದೆ, ಬೇಕಾದ ಠಾಣೆಗಳು ಸಿಬ್ಬಂದಿಯ ನಮೂನೆ ತುಂಬಿಸಿ, ತಮ್ಮ ಅಗತ್ಯವೇನೆಂದು ಬರೆದು ಕಳಿಸಬೇಕು ಎಂದು. ಎಸ್ಸೈ ಇನಾಯತ್ ಸಾಹೇಬರು ಹೊಸಬರು, ಕೆಲಸಗಾರರು. ಹನ್ನೊಂದು ಜನರ ಕೈಗೂ ನಮೂನೆ ಕೊಟ್ಟರು. ನಿದ್ದೆ ಬರುತ್ತದೆಯೇ? ಬರುತ್ತದೆ. ಮನಸ್ಸಿಗೆ ಬೇಸರವಿದೆಯೇ? ಇಲ್ಲ. ಕೋಪ ಬರುತ್ತದೆಯೇ? ಇಲ್ಲ. ಹನ್ನೊಂದು ಜನರದ್ದೂ ಅದೇ ಉತ್ತರ. ಸಾಹೇಬರು ಆ ಕಟ್ಟನ್ನು ಹಿಡಿದುಕೊಂಡು ನನ್ನ ಮರದ ಕೆಳಗೆ ಬಂದರು.

"ಮೇಷ್ಟ್ರೇ, ಎಲ್ಲರೂ ಕಲ್ಲಿನ ಹಾಗಿದ್ದೀವಿ ಅಂತ ಬರೆದಿದ್ದಾರೆ. ಇಂಥೋರಿಗೆ ಸರ್ಕಾರ ಯಾಕೆ ದುಡ್ಡು ಕೊಡುತ್ತೆ?"

"ಅವರ ಭಯ ಅವರಿಗೆ ಸಾಹೇಬ್ರೆ. ಹಿಂದೆ ಒಬ್ಬರು ನಿದ್ದೆ ಬರಲ್ಲ ಅಂತ ಬಾಯಿಬಿಟ್ಟು ಹೇಳಿದ್ರು. ಬಂದೂಕು ಕಸ್ಕೊಂಡು, ಟಪಾಲಿಗೆ ಅಂಟು ಹಚ್ಚೋ ಕೆಲಸಕ್ಕೆ ಕೂರಿಸಿದ್ರು. ರಿಟೈರ್ ಆಗೋವರೆಗೂ ಊರೆಲ್ಲ ಅವರನ್ನ ಅಂಟಿನ ಡಬ್ಬಿ ಅಂತಲೇ ಕರೀತು."

"ಮತ್ತೆ ಏನು ಬರೆಯೋಣ?"

ಆಗ ನನಗೊಂದು ಬುದ್ಧಿ ಹೊಳೆಯಿತು. ಇವತ್ತು ನೆನೆದರೆ ನನ್ನ ಕಪಾಳಕ್ಕೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ. ಪೊಲೀಸರು ಹೇಳದಿದ್ದರೆ ಬೇಡ, ನೆರೆಯವರಂತೂ ಕಣ್ಣಿಗೆ ಕಾಣುವ ಹಾಗೆ ಬಿದ್ದಿದ್ದಾರಲ್ಲ. "ಸಿಬ್ಬಂದಿಯ ನಿದ್ದೆಯು ಸಾರ್ವಜನಿಕರ ಮೇಲೆ ಬೀಳುತ್ತಿದ್ದು, ಸಾರ್ವಜನಿಕರು ಕಲ್ಲುಮಣ್ಣಿನ ಮೇಲೆ ಮಲಗುವಂತಾಗಿದೆ" ಎಂದು ಶುರುಮಾಡಿ ಎರಡು ಪುಟ ಬರೆದೆ. ನನ್ನ ಮೂವತ್ತು ವರ್ಷದ ಅರ್ಜಿಗಳಲ್ಲಿ ಅಷ್ಟು ಚೆಂದದ್ದು ಇನ್ನೊಂದಿಲ್ಲ. ಅನುದಾನ ಬಂತು. ಇಪ್ಪತ್ತೆರಡು ಮಂಚ ಬಂದವು, ಹತ್ತಿಯ ಹಾಸಿಗೆ ಬಂದವು, ದಿಂಬು ಬಂದವು. ಕ್ಷೌರದಂಗಡಿಯಲ್ಲಿ ಒಂದು, ಬ್ಯಾಂಕಿನ ಹಿಂದೆ ಎರಡು, ನನ್ನ ಹೊಂಗೆ ಮರದ ಕೆಳಗೊಂದು. ಅನಸೂಯಮ್ಮನವರು ದಿಂಬು ಗಟ್ಟಿಯಾಯಿತೆಂದು ಬದಲಾಯಿಸಿಕೊಂಡರು. ಪೊಲೀಸರ ಮನಸ್ಸಿಗೆ ಬಂದ ದುಡ್ಡಿನಲ್ಲಿ ನಾವು ನೆರೆಹೊರೆಯವರು ಹಾಸಿ ಹೊದ್ದು ಮಲಗಿದೆವು. ಪೊಲೀಸರೇ ಆ ಮಂಚಗಳನ್ನು ಹೊತ್ತು ತಂದು ಹಾಕಿದರು. ಒಬ್ಬರಿಗೂ ಇದು ತಲೆಕೆಳಗಾಗಿದೆ ಅನ್ನಿಸಲಿಲ್ಲ.

ಅನುದಾನಕ್ಕೆ ಒಂದು ಷರತ್ತಿತ್ತು. ವಾರಕ್ಕೊಂದು ದಿನ ಆಪ್ತ ಸಮಾಲೋಚಕರು ಬಂದು ಕೂರಬೇಕು, ಸಿಬ್ಬಂದಿ ಮನಬಿಚ್ಚಿ ಮಾತಾಡಬೇಕು. ಹಾಗೆ ಬಂದವರು ನಳಿನಾಕ್ಷಿ ಮೇಡಂ. ಹೊರಗಿನವರು, ನಲವತ್ತರ ಆಸುಪಾಸು. ಗುರುವಾರ ಬೆಳಿಗ್ಗೆಯ ಬಸ್ಸಿಗೆ ಬಂದು, ಠಾಣೆಯ ಹಳೇ ರೆಕಾರ್ಡು ಕೋಣೆಯಲ್ಲಿ ಎರಡು ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಇಲ್ಲಿ ಹೇಳಿದ್ದು ಹೊರಗೆ ಹೋಗುವುದಿಲ್ಲ ಎಂದು ಬಾಗಿಲ ಮೇಲೆ ಬರೆಸಿ ಅಂಟಿಸಿದರು. ಪಾಪ, ನಮ್ಮೂರಿನ ರೀತಿ ಅವರಿಗೇನು ಗೊತ್ತು. ಮೊದಲ ವಾರ ಮುನಿಸ್ವಾಮಿಯ ಪಕ್ಕದ ಮನೆಯ ಕಾನ್‌ಸ್ಟೇಬಲ್ ಧೈರ್ಯ ಮಾಡಿ ಹೋಗಿ, ಒಂದು ಗಂಟೆ ಮಾತಾಡಿ ಬಂದ. ಮರುದಿನ ಮುನಿಸ್ವಾಮಿಯ ಗಂಟೆ ಬೆಳಗಿನಿಂದ ಸಂಜೆಯವರೆಗೆ ಒಂದೇ ಸಮ ಆಡಿತು. ಒಂಬತ್ತು ಜನರಿಗೆ ಪೂರ್ತಿ ಗಡ್ಡ ತೆಗೆದ. "ಏನಪ್ಪಾ, ನಿಮ್ಮ ಪೋಲೀಸು ಮೇಡಂ ಹತ್ರ ಅತ್ತು ಬಂದ ಅಂತ ಕಾಣ್ಸುತ್ತೆ" ಎಂದು ಊರೆಲ್ಲ ನಕ್ಕಿತು. ಸಂಜೆ ಠಾಣೆಯಲ್ಲೂ ನಕ್ಕರು. ಅವನು ಮತ್ತೆ ಆ ಕೋಣೆಯ ಕಡೆ ತಲೆ ಹಾಕಲಿಲ್ಲ. ಬೇರೆ ಯಾರೂ ಹಾಕಲಿಲ್ಲ. ಮೇಡಂ ಏಳು ಗುರುವಾರ ಖಾಲಿ ಕುರ್ಚಿಯ ಎದುರು ಸ್ವೆಟರ್ ಹೆಣೆದರು.

ಒಂಬತ್ತನೇ ಗುರುವಾರ ಹತ್ತೂವರೆಗೆ ಹಾಲೇಶಪ್ಪ ನನ್ನ ಮರದ ಕೆಳಗೆ ಬಂದ. ಯೂನಿಫಾರ್ಮು ಇಸ್ತ್ರಿಯಾಗಿತ್ತು, ಮುಖ ನುಣ್ಣಗಿತ್ತು. ಎಷ್ಟೋ ದಿನದ ಮೇಲೆ ಅವನ ಮುಖದಲ್ಲಿ ಒಂದು ಶಾಂತಿ ಕಂಡು ನನಗೆ ಸಂತೋಷವೇ ಆಯಿತು. ಮಂಚದ ತುದಿಯಲ್ಲಿ ಕೂತು, "ಒಂದು ಪಟ್ಟಿ ಬರೀಬೇಕಲ್ಲ ಮಾರಾಯ" ಅಂದ.

"ಏನು ಪಟ್ಟಿ?"

"ಯಾವುದು ಯಾರಿಗೆ ಅಂತ. ಸೈಟು ರುದ್ರಿ ಹೆಸರಿಗೆ. ಹಸು ಅವಳ ತಮ್ಮನಿಗೆ, ಅವಳಿಗೆ ಹಾಲು ಕರೆಯೋಕೆ ಕೈನೋವು. ರೇಡಿಯೋ ನೀನು ಇಟ್ಕೊ. ಪಿಂಚಣಿಯ ನಾಮಿನಿ ಕಾಗದಾನೂ ಒಂದು ನೋಡ್ಬಿಡು, ಸಹಿ ಸರಿಯಿದೆಯಾ ಅಂತ."

ರುದ್ರಿ ಎಂದರೆ ಅವನ ಹೆಂಡತಿ ರುದ್ರಮ್ಮ. ನಾನು ಪೆನ್ನು ತೆರೆದು "ಶ್ರೀ" ಎಂದು ಹಾಕಿದೆ. ಹಾಕಿದ ಮೇಲೆ ಕೈ ಮುಂದಕ್ಕೆ ಓಡಲಿಲ್ಲ. ಇಂಥ ಪಟ್ಟಿಗಳನ್ನು ನಾನು ಬಹಳ ಬರೆದಿದ್ದೇನೆ, ಎಂಬತ್ತು ದಾಟಿದವರಿಗೆ, ದೊಡ್ಡಾಸ್ಪತ್ರೆಯವರು ಮನೆಗೆ ಕರೆದುಕೊಂಡು ಹೋಗಿ ಎಂದವರಿಗೆ. ಹಾಲೇಶಿಗೆ ಐವತ್ತೊಂದು.

"ಎಲ್ಲಿಗೋ ಹೊರಟಿದ್ದೀಯ?"

"ಎಲ್ಲಿಗೂ ಇಲ್ಲ ಕಣೋ. ಅಚ್ಚುಕಟ್ಟಾಗಿರ್ಲಿ ಅಂತ. ಬರೀ."

ಅವನ ಮುಖದ ಶಾಂತಿ ಯಾವುದೆಂದು ಆಗ ತಿಳಿಯಿತು. ಸಂತೆ ಮುಗಿಸಿ ಗಂಟು ಕಟ್ಟಿ ಬಸ್ಸಿಗೆ ಕಾಯುವವರ ಮುಖ ಹಾಗಿರುತ್ತದೆ. ಅದೇ ಗಳಿಗೆಗೆ ಸರಿಯಾಗಿ, ಏನೆಂದು ಹೇಳಲಿ, ಅವನ ನಿದ್ದೆ ನನ್ನ ಮೇಲೆ ಬಿತ್ತು. ಆರು ಗಂಟೆಯ ನಿದ್ದೆ ಒಟ್ಟಿಗೆ ಬೀಳುವುದೆಂದರೆ ಒದ್ದೆ ಕಂಬಳಿ ಹೆಗಲಿಗೆ ಹಾಕಿದ ಹಾಗೆ. ನಾನು ಮಲಗಿದೆನೋ, ಇವನು ಎದ್ದು ಹೋಗುತ್ತಾನೆ. ಹೋದರೆ ಎಲ್ಲಿಗೆ? ಊಟದ ಡಬ್ಬಿಯಲ್ಲಿದ್ದ ಹಸಿಮೆಣಸಿನಕಾಯಿ ಕಚ್ಚಿದೆ. ಪೆನ್ನಿನ ಮೊನೆಯನ್ನು ಅಂಗೈಗೆ ಒತ್ತಿದೆ. ಕಣ್ಣು ಮುಚ್ಚುತ್ತಲೇ ಹೋದವು. ಕೊನೆಗೆ ಬಗ್ಗಿ ಅವನ ಬೆಲ್ಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ.

"ಹಾಲೇಶಿ, ನಿನ್ನ ನಿದ್ದೆ ಬಂತು ಕಣೋ. ನಾನು ಏಳೋವರೆಗೂ ಹೋಗಬೇಡ."

"ಬಿಡೋ, ಜನ ನೋಡ್ತಾರೆ."

"ನೋಡ್ಲಿ" ಅಂದದ್ದು ನೆನಪಿದೆ. ಆಮೇಲೆ ನೆನಪಿಲ್ಲ.

ಎಚ್ಚರವಾದಾಗ ಮರದ ನೆರಳು ಪೂರ್ವಕ್ಕೆ ತಿರುಗಿತ್ತು. ನನ್ನ ಎರಡು ಕೈಯೂ ಬೆಲ್ಟಿನಲ್ಲೇ ಇದ್ದವು. ಬೆಲ್ಟಿನೊಳಗೆ ಹಾಲೇಶಪ್ಪನೂ ಇದ್ದ. ಬಿಸಿಲು ಮುಖಕ್ಕೆ ಹೊಡೆಯುತ್ತಿದ್ದರೂ ಸರಿದು ಕೂತಿರಲಿಲ್ಲ. ನಡೆದದ್ದನ್ನು ಆಮೇಲೆ ಮರದ ಪಕ್ಕದಲ್ಲಿ ಕಡಲೆಕಾಯಿ ಮಾರುವವಳು ಹೇಳಿದಳು. ಅವನು ಬೆರಳು ಬಿಡಿಸಲು ಒಮ್ಮೆ ನೋಡಿದನಂತೆ. ನಾನು ಮಿಸುಕಿದೆನಂತೆ. ಆಗ ನನ್ನ ಮಗ್ಗುಲಲ್ಲಿ ಒಬ್ಬ ಬಾಣಂತಿ ಹಸುಗೂಸನ್ನು ಎತ್ತಿಕೊಂಡು ವಿಧವಾ ವೇತನದ ಅರ್ಜಿಗೆ ನಿಂತಿದ್ದಳು. ನಾನು ಎದ್ದರೆ ಉಳಿದ ನಿದ್ದೆ ಅವಳಿಗೆ ಅಂಟೀತು, ಕೂಸು ಕೈಜಾರೀತು ಎಂದು ಹಾಲೇಶಪ್ಪ ಕೈ ಹಿಂದಕ್ಕೆ ತೆಗೆದುಕೊಂಡನಂತೆ. ಅವಳು ಹೋದಳು, ಕೋಲು ಊರುವ ಮುದುಕನೊಬ್ಬ ಬಂದ. ಅವನು ಹೋದ, ಎಣ್ಣೆಡಬ್ಬ ಹೊತ್ತವನು ಬಂದ. ಹೀಗೆ ಯಾರಾದರೊಬ್ಬರು ಪಕ್ಕದಲ್ಲಿ ಇದ್ದೇ ಇದ್ದರು. ತಾನು ಹೋಗುವುದನ್ನು ನಿರ್ಧರಿಸಿದ್ದ ಮನುಷ್ಯ, ಯಾರಿಗೋ ತೊಂದರೆಯಾದೀತೆಂದು ನಾಲ್ಕು ಗಂಟೆ ಅಲುಗದೆ ಕೂತಿದ್ದ. ಎರಡು ಗಂಟೆಯ ನಿದ್ದೆ ನನ್ನಲ್ಲಿ ಇನ್ನೂ ಬಾಕಿ ಇತ್ತು. ಹೆದರಿಕೆಯೇ ನನ್ನನ್ನು ಎಬ್ಬಿಸಿತೆಂದು ಕಾಣುತ್ತದೆ. ಆ ಎರಡು ಗಂಟೆಯ ನಿದ್ದೆ ನಾನು ಎದ್ದೊಡನೆ ಕಡಲೆಕಾಯಿಯವಳ ಕತ್ತೆಗೆ ಅಂಟಿತಂತೆ. ಅದರಿಂದ ಯಾರಿಗೂ ನಷ್ಟವಾಗಲಿಲ್ಲ.

"ಏಳು, ಹೋಗೋಣ" ಅಂದೆ.

"ಎಲ್ಲಿಗೆ?"

"ರೆಕಾರ್ಡು ಕೋಣೆಗೆ."

"ಅಲ್ಲಿಗೆ ಬರಲ್ಲ. ಹೋಗಿ ಏನು ಹೇಳ್ಲಿ? ಮನಸ್ಸು, ಭಾವನೆ ಅಂತೆಲ್ಲ ಮಾತಾಡೋಕೆ ನಂಗೆ ಬರಲ್ಲ. ಬರೋ ಹಾಗಿದ್ರೆ ರುದ್ರಿ ಹತ್ರಾನೇ ಆಡ್ತಿದ್ದೆ."

ಅದು ಸುಳ್ಳಲ್ಲ. ಈ ಪೊಲೀಸ್ ಜನ ಇಪ್ಪತ್ತು ವರ್ಷ ಕಂಡದ್ದನ್ನೆಲ್ಲ ಒಂದೇ ರೀತಿಯಲ್ಲಿ ಹೇಳಿ ಅಭ್ಯಾಸ: ಸ್ಥಳ, ದಿನಾಂಕ, ವೇಳೆ, ಪಂಚರ ಸಮಕ್ಷಮ. ಬೇರೆ ರೀತಿಯಲ್ಲಿ ಹೇಳು ಎಂದರೆ ನಾಲಿಗೆ ಹೊರಳದು.

"ಹಾಗಾದ್ರೆ ಮಾತಾಡಬೇಡ. ಮಹಜರು ಬರೆಸು" ಅಂದೆ. "ನಾನು ಬರ್ಕೋತೀನಿ. ನಾನೊಬ್ಬ ಪಂಚ, ಆ ಮೇಡಂ ಒಬ್ಬರು ಪಂಚರು."

ಬೇರೆ ಏನೆಂದಿದ್ದರೂ ಬರುತ್ತಿರಲಿಲ್ಲ. ಮಹಜರು ಅಂದದ್ದಕ್ಕೆ ಎದ್ದ. ಎದ್ದವನು ಟೋಪಿ ಸರಿಮಾಡಿಕೊಂಡ.

ಮೇಡಂ ಹೆಣಿಗೆ ಕೆಳಗಿಟ್ಟು ಎದ್ದು ನಿಂತರು. ಪಂಚರಾಗಬೇಕು ಎಂದೆ. "ಅಂದ್ರೆ ನಾನೇನು ಮಾಡಬೇಕು?" ಎಂದರು. "ಮಧ್ಯ ಬಾಯಿ ಹಾಕಬಾರದು, ಕೊನೆಗೆ ಸಹಿ ಹಾಕಬೇಕು" ಅಂದೆ. "ಅದನ್ನೇ ನಾನು ಹದಿನೈದು ವರ್ಷದಿಂದ ಮಾಡ್ತಿರೋದು, ಸಹಿ ಒಂದು ಬಿಟ್ಟು" ಎಂದು ಕೂತರು. ಹಾಲೇಶಪ್ಪ ಕೂರಲಿಲ್ಲ. ಗೋಡೆ ನೋಡಿಕೊಂಡು, ಕೈ ಹಿಂದೆ ಕಟ್ಟಿಕೊಂಡು ನಿಂತು ಹೇಳತೊಡಗಿದ. ನಾನು ಬರೆದುಕೊಂಡದ್ದರ ಸಾರ ಇಷ್ಟು.

ದೀಪಾವಳಿಯ ಮಾರನೇ ವಾರ ಮಧ್ಯಾಹ್ನ ಮೂರು ಗಂಟೆಗೆ ಸದರಿ ಹೆಡ್ ಕಾನ್‌ಸ್ಟೇಬಲ್, ಕೋಟೆ ಬೀದಿಯ ಓಬಮ್ಮ ಎಂಬುವರ ಮನೆಗೆ ಹೋದದ್ದು. ಅವರ ಮಗ ಪಾಲಯ್ಯ, ಇಪ್ಪತ್ತಾರು ವರ್ಷ, ವೆಲ್ಡಿಂಗ್ ಕೆಲಸ, ಹೆದ್ದಾರಿಯಲ್ಲಿ ಲಾರಿ ತಾಗಿ ಸ್ಥಳದಲ್ಲೇ ತೀರಿಕೊಂಡಿದ್ದ ಸುದ್ದಿಯನ್ನು ಮುಟ್ಟಿಸುವುದಕ್ಕೆ. ಸದರಿ ಓಬಮ್ಮ ಬಾಗಿಲು ತೆರೆದು, ಪೊಲೀಸ್ ಬಟ್ಟೆ ಕಂಡೊಡನೆ ನಕ್ಕಿದ್ದು. "ಬಂದ್ರಾ, ಬನ್ನಿ ಬನ್ನಿ, ನಮ್ಮ ಹುಡುಗನ ಪಾಸ್‌ಪೋರ್ಟಿಗೆ ವಿಚಾರಣೆಗೆ ಬರ್ತಾರೆ ಅಂತ ಹೇಳಿದ್ರು, ದಿನಾ ಕಾಯ್ತಿದ್ದೆ" ಎಂದು ಚಾಪೆ ಹಾಸಿದ್ದು. ಬೆಲ್ಲ, ನೀರು ಕೊಟ್ಟದ್ದು.

ಇಲ್ಲಿಯವರೆಗೆ ಹೇಳಿ ಹಾಲೇಶಪ್ಪ ಮಾತು ನಿಲ್ಲಿಸಿದ. ನಾನು ಬರೆದ ಸಾಲನ್ನೇ ಇನ್ನೊಮ್ಮೆ ತಿದ್ದುತ್ತಾ ಕೂತೆ. ಮೇಡಂ ಬಾಯಿ ಹಾಕಲಿಲ್ಲ.

"ಬರ್ಕೊ" ಅಂದ ಅವನು. "ಸದರಿ ಹೆಡ್ ಕಾನ್‌ಸ್ಟೇಬಲ್ ಬೆಲ್ಲ ತಿಂದದ್ದು. ನೀರು ಕುಡಿದದ್ದು. ಸುದ್ದಿ ಹೇಳದೇ ಇದ್ದದ್ದು. ಜೇಬಿನಿಂದ ಪುಸ್ತಕ ತೆಗೆದು, ಪಾಸ್‌ಪೋರ್ಟಿಗೆ ಕೇಳೋ ಪ್ರಶ್ನೆಗಳನ್ನೆಲ್ಲ ಕೇಳಿದ್ದು. ಹುಟ್ಟಿದ್ದು ಯಾವಾಗ, ಎಲ್ಲಿ ಓದಿದ, ಈ ಮನೇಲಿ ಎಷ್ಟು ವರ್ಷದಿಂದ ಇದ್ದಾನೆ, ಅವನ ಮೇಲೆ ಕೇಸೇನಾದ್ರೂ ಇದೆಯಾ. ಆಯಮ್ಮ ಎಲ್ಲಾದಕ್ಕೂ ನಗ್ತಾ ನಗ್ತಾ ಉತ್ತರ ಕೊಟ್ಟದ್ದು. ಹೆಬ್ಬೆಟ್ಟು ತಗೊಂಡದ್ದು. 'ಆಯ್ತಾ, ಇನ್ನೇನು ತೊಂದರೆ ಇಲ್ವಲ್ಲ ಅವನಿಗೆ' ಅಂತ ಕೇಳಿದ್ದು. 'ಇಲ್ಲಮ್ಮ, ಏನೂ ತೊಂದರೆ ಇಲ್ಲ' ಅಂತ ಹೇಳಿ ಎದ್ದು ಬಂದದ್ದು. ಒಂದು ಗಂಟೆ ಆದ್ಮೇಲೆ ಆಸ್ಪತ್ರೆಯಿಂದ ಯಾರೋ ಆಯಮ್ಮನಿಗೆ ಫೋನ್ ಮಾಡಿ ತಿಳಿಸಿದ್ದು. ಇಷ್ಟೇ. ಇದನ್ನ ನಾನು ದಿನಾ ರಾತ್ರಿ ಅವರ ಮನೆ ಬಾಗಿಲು ತಟ್ಟೋದ್ರಿಂದ ಹಿಡಿದು ಎದ್ದು ಬರೋತನಕ ನೋಡ್ತೀನಿ."

ನನ್ನ ಪೆನ್ನು ಕಾಗದದ ಮೇಲೆ ಮಸಿ ಚೆಲ್ಲಿಕೊಂಡಿತ್ತು. ಮೇಡಂ ಆಗ ಮೊದಲ ಸಲ ಮಾತಾಡಿದರು. ಸುತ್ತಿಬಳಸಲಿಲ್ಲ. "ಹಾಲೇಶಪ್ಪನೋರೇ, ಸಾಯಬೇಕು ಅನ್ನೋ ಯೋಚನೆ ಮಾಡಿದ್ದೀರಾ?"

"ಹೂಂ."

"ಇವತ್ತು?"

"ಇವತ್ತೇ ಅಂದ್ಕೊಂಡಿದ್ದೆ. ಈ ಬಡ್ಡಿಮಗ ಬೆಲ್ಟು ಹಿಡ್ಕೊಂಡು ಮಲಗಿಬಿಟ್ಟ."

"ಹೇಳಿದ್ದು ಒಳ್ಳೇದಾಯ್ತು" ಎಂದರು ಮೇಡಂ. "ಇದೊಂದನ್ನ ನಾನು ಈ ಕೋಣೆಯೊಳಗೆ ಇಟ್ಕೊಳ್ಳೋಕೆ ಆಗಲ್ಲ. ರುದ್ರಮ್ಮನೋರನ್ನ ಕರೆಸೋಣ. ನಿಮ್ಮ ಸಾಹೇಬರಿಗೂ ಹೇಳೋಣ. ನೀವು ಇಲ್ಲೇ ಇರ್ತೀರಿ, ನಾನೂ ಇರ್ತೀನಿ. ಇವತ್ತು ನನಗೆ ಬಸ್ಸಿಲ್ಲ." ಬಸ್ಸು ನಾಲ್ಕೂವರೆಗೆ ಇತ್ತು. ಅದು ಅವರಿಗೂ ಗೊತ್ತಿತ್ತು.

ಆಮೇಲೆ ಮಹಜರಿನ ಕೆಳಗೆ ಸಹಿ ಹಾಕಿದರು. ನಾನೂ ಹಾಕಿದೆ. ಪದ್ಧತಿಯಂತೆ ಓದಿ ಹೇಳಿದೆ. ಸರಿಯಿದೆ ಎಂದು ಹಾಲೇಶಪ್ಪ ಕೊನೆಗೆ ತಾನು ಸಹಿ ಹಾಕಿದ. ಹಾಕಿ ಪೆನ್ನಿನ ಮುಚ್ಚಳ ಮುಚ್ಚಿದ. ಮುಚ್ಚಿದವನು ಕುರ್ಚಿಯಲ್ಲಿ ಕೂತ. ಕೂತವನ ತಲೆ ಮೆಲ್ಲಗೆ ಎದೆಯ ಮೇಲೆ ಬಂತು. ನಾನು ಹೆದರಿ ಎದ್ದೆ. ಮೇಡಂ ಕೈ ಎತ್ತಿ ತಡೆದರು. ಗೊರಕೆ ಕೇಳಿಸಿತು. ಅವನ ನಿದ್ದೆ ಅವನ ಮೇಲೇ ಬಿದ್ದಿತ್ತು.

ಕುರ್ಚಿಯಲ್ಲಿ ಕತ್ತು ನೋಯುತ್ತದೆಂದು ನಾನು ಓಡಿಹೋಗಿ ಮುನಿಸ್ವಾಮಿಯ ಅಂಗಡಿಯ ಮಂಚ ಎತ್ತಿದೆ. "ಅದು ನಂದು ಮೇಷ್ಟ್ರೇ, ಸರ್ಕಾರ ಕೊಟ್ಟಿದ್ದು" ಎಂದ. "ಸರ್ಕಾರ ನಿನಗೆ ಕೊಟ್ಟಿದ್ದಲ್ಲ, ನಾನು ತಪ್ಪು ಬರೆದಿದ್ದೆ, ಆ ಕಡೆ ಹಿಡ್ಕೊ" ಅಂದೆ. ಇನಾಯತ್ ಸಾಹೇಬರೂ ಒಂದು ಕಾಲು ಹಿಡಿದರು. ಹಾಲೇಶಪ್ಪನನ್ನು ಬೂಟು ಬಿಚ್ಚಿ ಮಲಗಿಸಿದೆವು. ರುದ್ರಮ್ಮ ಬಂದವಳು ಬಾಗಿಲಲ್ಲೇ ನಿಂತು, ಗಂಡನ ಬಾಯಿ ತೆರೆದುಕೊಂಡಿರುವುದನ್ನು ನೋಡುತ್ತಾ ನೋಡುತ್ತಾ ಗೋಡೆಗೆ ಒರಗಿ ಕೆಳಗೆ ಕೂತಳು. "ಈ ಗೊರಕೆ ಕೇಳಿ ಎಷ್ಟು ದಿನ ಆಯ್ತಣ್ಣ. ಮೊದಲೆಲ್ಲ ಬೈತಿದ್ದೆ" ಅಂದಳು. ಅಷ್ಟರಲ್ಲಿ ಒಬ್ಬ ಕಾನ್‌ಸ್ಟೇಬಲ್ ಬಂದು, ಬಾವಿಕೇರಿಗೆ ಒಂದು ಸುದ್ದಿ ಮುಟ್ಟಿಸಬೇಕಿತ್ತು, ಹಾಲೇಶಪ್ಪನೋರನ್ನ ಎಬ್ಬಿಸಲಾ ಎಂದು ಕೇಳಿದ. ಸಾಹೇಬರು ಟೋಪಿ ಹಾಕಿಕೊಂಡರು. "ನಾನು ಹೋಗ್ತೀನಿ. ನೀನೂ ಬಾ. ಇನ್ಮೇಲೆ ಈ ಕೆಲಸಕ್ಕೆ ಒಬ್ಬರೇ ಯಾರೂ ಹೋಗೋದು ಬೇಡ, ದಿನಾ ಅದೇ ಒಬ್ಬರು ಹೋಗೋದೂ ಬೇಡ." ಹೋಗಿ ಬಂದ ಸಾಹೇಬರು ಅರ್ಧ ಗಂಟೆ ಜೀಪಿನಿಂದ ಇಳಿಯಲಿಲ್ಲ.

ಹಾಲೇಶಪ್ಪ ಮರುದಿನ ಮಧ್ಯಾಹ್ನದವರೆಗೂ ಮಲಗಿದ. ಎದ್ದು ಅನ್ನ ಸಾರು ಕೇಳಿದ. ಅಷ್ಟಕ್ಕೆ ಎಲ್ಲವೂ ಸರಿಹೋಯಿತೆಂದು ನಾನು ಹೇಳುವುದಿಲ್ಲ. ಮೇಡಂ ಅವನನ್ನು ದೊಡ್ಡ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು, ಮಾತ್ರೆ ಬಂತು, ರಜೆ ಬಂತು, ಕೆಲವು ದಿನ ನಾನು ಮತ್ತೆ ಹನ್ನೊಂದು ಗಂಟೆಗೆ ಹಲಗೆಯ ಮೇಲೆ ಬಿದ್ದೆ. ಆದರೆ ಮುಂದಿನ ಗುರುವಾರ ರೆಕಾರ್ಡು ಕೋಣೆಯ ಮುಂದೆ ಮೂವರು ಪೊಲೀಸರು ನಿಂತಿದ್ದರು. ಕೈಯಲ್ಲಿ ಮಹಜರಿನ ಹಾಳೆ. "ನಮ್ಮದೂ ಒಂದು ಬರ್ಕೊಳ್ಳಿ ಮೇಷ್ಟ್ರೇ" ಎಂದರು. ನಗಲು ಯಾರೂ ಉಳಿದಿರಲಿಲ್ಲ, ನಗುತ್ತಿದ್ದವರೇ ಸಾಲಿನಲ್ಲಿದ್ದರು. ಅನುದಾನದ ಎರಡನೇ ಕಂತಿನ ಅರ್ಜಿ ಬರೆಯುವಾಗ ನಾನು ಮಂಚದ ಮಾತೆತ್ತಲಿಲ್ಲ. ಮೇಡಂ ವಾರಕ್ಕೆ ಎರಡು ದಿನ ಬೇಕು, ಸಿಬ್ಬಂದಿಗೆ ಸರದಿಯ ರಜೆ ಬೇಕು, ಬಾಯಿಬಿಟ್ಟವರಿಗೆ ಟಪಾಲಿಗೆ ಅಂಟು ಹಚ್ಚುವ ಶಿಕ್ಷೆ ಬೇಡ ಎಂದು ಬರೆದೆ. ಮೂರನೆಯದರ ಕೆಳಗೆ ಸಾಹೇಬರು ಕೆಂಪು ಮಸಿಯಲ್ಲಿ ಗೆರೆ ಎಳೆದು ಕಳಿಸಿದರು. ಮಂಜೂರಾಗಿ ಬಂತು. ಪೊಲೀಸರು ಅತಿಯಾಗಿ ನಿದ್ದೆ ಮಾಡುತ್ತಿರುವುದರಿಂದ ಬಾಡಿಗೆ ಬೀಳುತ್ತಿದೆ ಎಂದು ಮನೆಮಾಲೀಕರೂ ಒಂದು ಅರ್ಜಿ ಬರೆಸಿದರು. ಬರೆದುಕೊಟ್ಟೆ, ನನ್ನ ಕಸುಬು ಅದು. ಅನಸೂಯಮ್ಮನವರು ಮಾತ್ರ ಸಾಹೇಬರನ್ನು ಕಂಡಾಗಲೆಲ್ಲ, "ಚೆನ್ನಾಗಿ ಮಲಗ್ತಿದ್ದೀರಲ್ಲಪ್ಪ, ಮಲಗಿ ಮಲಗಿ" ಎಂದು ಮುಖ ಊದಿಸಿಕೊಂಡು ಹೋಗುತ್ತಿದ್ದರು.

ಎರಡು ತಿಂಗಳ ಮೇಲೆ ಒಂದು ಭಾನುವಾರ ಬೆಳಿಗ್ಗೆ ಹಾಲೇಶಪ್ಪ ಬಿಳಿ ಅಂಗಿ ತೊಟ್ಟು ನಮ್ಮ ಬಾಗಿಲಿಗೆ ಬಂದ. "ಕೋಟೆ ಬೀದಿಗೆ ಹೋಗಬೇಕು. ನೀನು ಜೊತೆಗೆ ಬಾ" ಅಂದ. ಯಾರ ಮನೆಗೆ ಎಂದು ನಾನು ಕೇಳಲಿಲ್ಲ.

ಓಬಮ್ಮ ಜಗುಲಿಯ ಮೇಲೆ ಅಕ್ಕಿ ಆರಿಸುತ್ತಿದ್ದರು. ಬಟ್ಟೆ ಬೇರೆಯಾದರೂ ಆಳನ್ನು ಗುರುತು ಹಿಡಿದರು. ಮೊರ ಕೆಳಗಿಟ್ಟರು. ಅವರ ಮುಖ ಬಿಳಿಚಿಕೊಂಡದ್ದನ್ನು ಕಂಡು, ತಪ್ಪು ಮಾಡಿದೆವು, ಬರಬಾರದಿತ್ತು ಅಂದುಕೊಂಡೆ. 

"ಅಮ್ಮಾ" ಎಂದ ಹಾಲೇಶಪ್ಪ, "ಆವತ್ತು ನಾನು ನಿಮಗೆ..."

"ಗೊತ್ತಾಯ್ತೇನಪ್ಪಾ?" ಅಂದರು ಓಬಮ್ಮ. "ಗೊತ್ತಾಗೇ ಆಗುತ್ತೆ ಅಂದ್ಕೊಂಡಿದ್ದೆ. ದಿನಾ ನಿಮ್ಮ ದಾರೀನೇ ಕಾಯ್ತಿದ್ದೆ. ಒಂದು ದಿನಾನೂ ನೆಟ್ಟಗೆ ಮಲಗಿಲ್ಲ."

"ಏನು ಗೊತ್ತಾಗಿದ್ದು?"

"ನಾನು ಹೇಳಿದ ಸುಳ್ಳು. ನೀವು ಕೇಳಿದ್ರಲ್ಲ, ಅವನ ಮೇಲೆ ಕೇಸಿದೆಯಾ ಅಂತ. ಇಲ್ಲ ಅಂತ ಹೆಬ್ಬೆಟ್ಟು ಒತ್ತಿದೆ. ಇತ್ತಪ್ಪಾ. ಹದಿನೆಂಟು ತುಂಬಿದಾಗ ಇನ್ನೊಂದೂರಿನ ಜಾತ್ರೇಲಿ ತಿರುಗೋ ತೊಟ್ಟಿಲಿನೋನ ಜೊತೆ ಜಗಳ ಮಾಡಿ, ತೊಟ್ಟಿಲು ತಿರುಗಿಸೋ ಹಗ್ಗ ಕೊಯ್ದಿದ್ದ. ಅಲ್ಲಿ ಠಾಣೇಲಿ ಬರ್ಕೊಂಡಿದ್ರು. ಹೇಳಿದ್ರೆ ಪಾಸ್‌ಪೋರ್ಟು ಸಿಗಲ್ಲ ಅಂತ ಮುಚ್ಚಿಟ್ಟೆ. ನಾನು ಸುಳ್ಳು ಹೇಳಿದ ಗಳಿಗೇಲೇ ಅವನು ಹೋಗಿದ್ದ. ಸುಳ್ಳಿಗೇ ಹೋದನೇನೋ ಅಂತ..."

"ಇಲ್ಲಮ್ಮ" ಎಂದ ಹಾಲೇಶಪ್ಪ. "ನೀವು ಬಾಗಿಲು ತೆಗೆಯೋಕೆ ಮುಂಚೇನೇ ಅವನು ಹೋಗಿದ್ದ. ನನಗೆ ಗೊತ್ತಿತ್ತು. ಗೊತ್ತಿದ್ದೂ ಕೇಳಿದೆ. ಹೇಳೋಕೆ ಬಂದವನು ಹೇಳಲಿಲ್ಲ. ಸುಳ್ಳು ನಂದು, ನಿಮ್ಮದಲ್ಲ."

ಓಬಮ್ಮ ಅವನನ್ನೇ ನೋಡಿದರು.

"ಆವತ್ತು ಯಾಕೆ ಹೇಳಲಿಲ್ಲ?"

"ನೀವು ನಗ್ತಿದ್ರಿ."

ಅವರು ತಲೆ ತಗ್ಗಿಸಿ ಮೊರದಲ್ಲಿ ಕೈಯಾಡಿಸಿದರು, ಒಂದು ಕಲ್ಲು ಆರಿಸಿ ಹೊರಗೆ ಎಸೆದರು. "ಆ ಕೇಸು?" ಎಂದರು.

"ಅದು ಕೇಸೇ ಅಲ್ಲಮ್ಮ. ಆವತ್ತೇ ಬುದ್ಧಿ ಹೇಳಿ ಬಿಟ್ಟಿರ್ತಾರೆ. ಅಷ್ಟಕ್ಕೆಲ್ಲ ಪಾಸ್‌ಪೋರ್ಟು ನಿಲ್ಲಲ್ಲ."

"ನಿಲ್ತಿರಲಿಲ್ವಾ?"

"ಸಿಕ್ಕೇ ಸಿಗ್ತಿತ್ತು."

ಓಬಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, ಅತ್ತರೋ ನಕ್ಕರೋ ತಿಳಿಯದ ಹಾಗೆ ಒಂದು ಉಸಿರು ಬಿಟ್ಟರು. "ಬರೀ ಹಗ್ಗ ಕೊಯ್ದದ್ದಷ್ಟೇ ಅಲ್ಲಪ್ಪಾ ಅವನು. ಆ ತೊಟ್ಟಿಲಿನೋನ ಕೋಳೀನೂ ಹಿಡ್ಕೊಂಡು ಬಂದಿದ್ದ. ಅದು ಯಾರ ಪುಸ್ತಕದಲ್ಲೂ ಇಲ್ಲ. ಕೂತ್ಕೊಳ್ಳಿ, ಇಬ್ಬರೂ ಕೂತ್ಕೊಳ್ಳಿ. ಅವನು ಏನೇನು ಮಾಡ್ತಿದ್ದ ಅಂತ ಈಗ ಸರಿಯಾಗಿ ಹೇಳ್ತೀನಿ."

ನಾವು ಜಗುಲಿಯ ಮೇಲೆ ಕೂತೆವು. ಹಾಲೇಶಪ್ಪನ ಕೈ ಅಭ್ಯಾಸದಿಂದ ಅಂಗಿಯ ಜೇಬಿಗೆ ಹೋಯಿತು, ಪೆನ್ನು ತೆಗೆಯಿತು. ಅವನು ಅದನ್ನು ಒಂದು ಸಲ ನೋಡಿ ಮತ್ತೆ ಜೇಬಿಗೆ ಸೇರಿಸಿ, ಮೊರದಿಂದ ಒಂದು ಹಿಡಿ ಅಕ್ಕಿ ತನ್ನ ಕಡೆಗೆ ಎಳೆದುಕೊಂಡು ಕಲ್ಲು ಆರಿಸುತ್ತಾ, "ಕೋಳಿ ಏನಾಯ್ತಮ್ಮ?" ಎಂದು ಕೇಳಿದ.